ಸಿನಿಮಾದಲ್ಲಿ ಒಡೆದ ಅಣೆಕಟ್ಟು

ಮಸಗುಪ್ಪಿ,
9 ಆಗಸ್ಟ್ 2025, ಶನಿವಾರ

ಪ್ರೀತಿಯ ಅಪ್ಪಾ,

ಪೊರೆ ತೆಗೆಸಿದ ಮೇಲೆ ನಿನಗೆ ಅಕ್ಷರ ನೆಟ್ಟಗೆ ಕಾಣುತ್ತಿವೆ ಎಂದು ಕೇದಾರಿ ಅಣ್ಣ ಹೇಳಿದ. ಕಣ್ಣಿಗೆ ಔಷಧ ಬಿಡುವುದನ್ನು ತಪ್ಪಿಸುತ್ತಿಲ್ಲ ತಾನೆ? ಸಾಂಗಲಿಯ ಊಟ ಒಗ್ಗಿತೇ? ಫೋನಿನಲ್ಲಿ ನೀನು ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ನೀನೇ ಸೇರಿಸಿಕೊಳ್ಳುತ್ತೀ. ಗೋಕಾಕದ ಟಾಕೀಜಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರಿನ ಗರಗರಕ್ಕೆ ಒಡ್ಡಿದ ಕಿವಿ, ಅದರ ತಪ್ಪೇನು? ಅದಕ್ಕೇ ಈ ಕಾಗದ. ನಾವೆಲ್ಲ ಆರಾಮಾಗಿದ್ದೇವೆ. ಮುಂದಿನದನ್ನು ಓದಿ ಗಾಬರಿಯಾಗಬಾರದೆಂದು ಇದನ್ನು ಮೊದಲೇ ಬರೆದೆ.

ಗುರುವಾರ ಮಧ್ಯಾಹ್ನ ಹೊಳೆ ತುಂಬಿತ್ತು, ದಂಡೆ ಬಿಟ್ಟಿರಲಿಲ್ಲ. ನಿನ್ನ ಅಳಿಯ ಗೊಬ್ಬರ ತರಲು ಮೂಡಲಗಿಗೆ ಹೋಗಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಓಣಿಯಲ್ಲಿ ಯಾರೋ ಕೂಗಿದರು: "ಹಿಡಕಲ್ ಡ್ಯಾಮ್ ಒಡದೈತಿ! ಓಡ್ರಿ!" ಊರಿನ ಮೊಬೈಲುಗಳಿಗೆಲ್ಲ ಒಂದು ವಿಡಿಯೋ ಬಂದಿತ್ತಂತೆ. ನಿನ್ನ ಮೊಮ್ಮಗಳು ಕಾಜಲ್‌ಳನ್ನು ಎತ್ತಿಕೊಂಡು ರಸ್ತೆಗೆ ಓಡಿದೆ. ಅಲ್ಲಿ ಅಲ್ಲಪ್ಪ ಕಾಕಾ ಟ್ರ್ಯಾಕ್ಟರ್ ಚಾಲೂ ಇಟ್ಟು ಕುಳಿತಿದ್ದರು. ಟ್ರೇಲರಿಗೆ ಮಂದಿ ಒಬ್ಬರನ್ನೊಬ್ಬರು ತುಳಿದು ಏರುತ್ತಿದ್ದರು. ಬಾಣಂತಿ ಅಲ್ಲವ್ವ ಕೂಸನ್ನು ಎದೆಗವಚಿಕೊಂಡು ಚಕ್ರದ ಹತ್ತಿರ ಬಿದ್ದೇಬಿಟ್ಟಳು. ಕಾಜಲ್‌ಳನ್ನು ಇಳಿಸಿ, ರಟ್ಟೆ ಹಿಡಿದು ಅವಳನ್ನು ಈಚೆ ಎಳೆದೆ. ಅವಳ ಕೈಯಿಂದ ಜಾರಿದ ಮೊಬೈಲಿನಲ್ಲಿ ಆ ವಿಡಿಯೋ ಓಡುತ್ತಲೇ ಇತ್ತು.

ಅಪ್ಪಾ, ಅದು ನಿನ್ನ ಸಿನಿಮಾ! ನಿನ್ನ ಮಶೀನ್ ಕೋಣೆಯಲ್ಲಿ ರೀಲಿನ ಡಬ್ಬಿಯ ಮೇಲೆ ಕುಳಿತು ವಾರದಲ್ಲಿ ಹತ್ತು ಸಲ ನಾನು ನೋಡಿದ, ಅಣೆಕಟ್ಟು ಒಡೆದು ಪಟ್ಟಣ ಕೊಚ್ಚಿಹೋಗುವ ವಿದೇಶಿ ಚಿತ್ರ. ಮೊದಲ ದಿನ ನಾನು ಚೀರಿದಾಗ ನೀನು ಕಿಂಡಿಯ ಹತ್ತಿರ ಎತ್ತಿ ಹಿಡಿದು ಹೇಳಿದ್ದೆ: "ಹನಿ ನೋಡವಾ, ಬಸ್ಸಿನಷ್ಟ ದಪ್ಪ ಅದಾವ. ಖರೆ ಡ್ಯಾಮಿನ ನೀರ ಹೊಗಿಯಂಗ ಏಳತೈತಿ. ಇದು ಬಕೀಟ ನೀರ, ಆಟಿಗಿ ಗ್ವಾಡಿ." ಸೇತುವೆಯ ಮೇಲಿನ ಕೆಂಪು ಬಸ್ಸಿಗೆ ಡ್ರೈವರ್ ಇಲ್ಲದ್ದನ್ನು ಕಂಡುಹಿಡಿದವಳು ಮಾತ್ರ ನಾನೇ.

ಆ ಮೊಬೈಲನ್ನು ಎತ್ತಿಕೊಂಡು ಟ್ರ್ಯಾಕ್ಟರ್ ಏರಿ ಚಾವಿ ಕಿತ್ತುಕೊಂಡೆ. "ಕಾಕಾ, ಇದು ಹಳೇ ಸಿನಿಮಾ ಐತ್ರಿ! ಬಸ್ಸಿನ್ಯಾಗ ಡ್ರೈವರ್ ಎಲ್ಲಿ ಅದಾನ, ತೋರಸ್ರಿ!" ಯಾರೋ ಹುಚ್ಚಿ ಎಂದರು, ಯಾರೋ ನನ್ನ ಸೆರಗು ಜಗ್ಗಿದರು. ನನ್ನ ಮಾತು ಸುಳ್ಳಾದರೆ ಇಷ್ಟು ಜೀವ ನನ್ನ ಮುಷ್ಟಿಯಲ್ಲಿವೆಯಲ್ಲ ಎಂದುಕೊಂಡೆ, ಆದರೂ ಚಾವಿ ಬಿಡಲಿಲ್ಲ. ಕಾಕಾ ಮೊಬೈಲನ್ನು ಮೂಗಿಗೆ ಹಿಡಿದು ಎರಡು ಸಲ ನೋಡಿದರು. "ಏ, ಖರೇನ ಡ್ರೈವರ್ ಇಲ್ಲಲ್ರೋ!" ಎಂದವರೇ ಹಿಡಕಲ್‌ದಲ್ಲಿ ನೌಕರಿಯಲ್ಲಿರುವ ತಮ್ಮ ಅಳಿಯ ಮುತ್ತಪ್ಪನಿಗೆ ಫೋನ್ ಹಚ್ಚಿದರು. "ನಾ ಡ್ಯಾಮಿನ ಮ್ಯಾಲ ನಿಂತ ಚಾ ಕುಡಿಯಾಕತ್ತೇನ್ರಿ ಮಾವಾ, ಏನಾತು?" ಎಂದನಂತೆ. ಟ್ರೇಲರಿನಲ್ಲಿದ್ದವರು ನಕ್ಕರು, ಅತ್ತರು, ಎರಡನ್ನೂ ಒಟ್ಟಿಗೇ ಮಾಡಿದರು. ಅಲ್ಲವ್ವನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಸಂಜೆ ನಿನ್ನ ಅಳಿಯ ಮೊಬೈಲಿನಲ್ಲಿ ಆ ಚಿತ್ರವನ್ನೇ ಹುಡುಕಿ ಹಚ್ಚಿದರು. ಟಾಕೀಜಿನ ಬಾಲ್ಕನಿಯನ್ನೇ ಚೀರಿಸುತ್ತಿದ್ದ ಪ್ರವಾಹಕ್ಕೆ ಆರು ವರ್ಷದ ಕಾಜಲ್ ಬಿದ್ದುಬಿದ್ದು ನಕ್ಕಳು. ಕಟ್ಟಡಗಳು ರಟ್ಟಿನವು, ಒಬ್ಬನೇ ಮನುಷ್ಯ ಮೂರು ಕಡೆ ಮುಳುಗಿ ಸಾಯುತ್ತಾನೆ. ನನಗೂ ನಗು ಬಂತು. ಅತ್ತೆ ಶೆಟ್ಟೆವ್ವ ಮಾತ್ರ ನಗಲಿಲ್ಲ. "ನೀರ ಸುಳ್ಳ ಐತಿ. ಮಂದಿ ಓಡೂದು ಖರೆ ಐತಿ," ಎಂದರು. ಅವರ ಮಾತು ಸರಿ, ಅಪ್ಪಾ. ಚಿತ್ರದಲ್ಲಿ ಓಡುವವರ ಆ ಮುಖಗಳು ಇವತ್ತಿಗೂ ಹಳತಾಗಿಲ್ಲ.

ಅಣ್ಣ, ವೈನಿಯರನ್ನು ಕೇಳಿದೆನೆಂದು ಹೇಳು. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಹೊರಗೆ ಹೋಗು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಸರಿತಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಊರೆಲ್ಲ ನನ್ನನ್ನು ಶಾಣ್ಯಾಕಿ ಅನ್ನುತ್ತಿದೆ. ಆದರೆ ಕೂಗು ಕೇಳಿದಾಗ ನಾನು ಅತ್ತೆಯನ್ನು ಹಿತ್ತಲಲ್ಲೇ ಬಿಟ್ಟು ಓಡಿದ್ದೆ. ಮೊಣಕಾಲು ಹಿಡಿದ ಮುದುಕಿ. ನೆನಪಾಗಲಿಲ್ಲ ಅಂತಲ್ಲ; ನೆನಪಾಯಿತು, ಆದರೂ ಓಡಿದೆ. ನಿನ್ನೆ ಅವರ ಕಾಲು ಹಿಡಿದು ಹೇಳಿಬಿಟ್ಟೆ. "ಕೂಸಿನ್ನ ಬಿಟ್ಟ ನನ್ನ ಹೊತಗೊಂಡ ಹೋಗಿದ್ದಿ ಅಂದ್ರ ಮನಿಯಾಗ ನಿನ್ನ ಕರಕೊತಿದ್ದಿಲ್ಲ ನಾ. ಏಳ, ಉಣ್ಣ," ಎಂದು ಮೊದಲ ರೊಟ್ಟಿಯನ್ನು ನನ್ನ ಗಂಗಾಳಕ್ಕೇ ಹಾಕಿದರು. ಗುರುವಾರದಿಂದ ಇಳಿಯದಿದ್ದ ತುತ್ತು ಆಗ ಇಳಿಯಿತು.