ಡಯಾಲಿಸಿಸ್ ವಾರ್ಡಿನಲ್ಲೊಂದು ಕೊಲೆ

ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ಮರಿ,

ನಲವತ್ತೆಂಟರ ಗಂಡಸನ್ನು ಮರಿ ಅಂತ ಕರೆಯಬಾರದಂತೆ, ನಿಮ್ಮ ಭಾವ ಪಕ್ಕದಲ್ಲಿ ಕೂತು ನಗುತ್ತಿದ್ದಾರೆ. ನಗಲಿ ಬಿಡು. ನಾವಿಬ್ಬರೂ ಕ್ಷೇಮ. ನೀನು ಹೇಗಿದ್ದೀಯ? ನಿನ್ನ ಕಾಗದ ಬಂದು ಎರಡೂವರೆ ತಿಂಗಳಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರೇ ಸಾಲು ಬರೆದಿದ್ದೆ: "ಅಕ್ಕಾ, ಒಂದು ಪತ್ತೇದಾರಿ ಧಾರಾವಾಹಿ ನೋಡಿದೆ. ಮನಸ್ಸು ಕದಡಿಬಿಡುತ್ತೆ. ಆದರೂ ನೀನು ನೋಡು." ಅಷ್ಟರಲ್ಲೂ ಎರಡು ಕಾಗುಣಿತದ ತಪ್ಪು. ಇಪ್ಪತ್ತಾರು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳ ಕಣ್ಣು ನೋಡು, ಸುಮ್ಮನಿರುವುದಿಲ್ಲ. ಆದರೆ ತಿದ್ದಲಿಲ್ಲ. ನಿನ್ನ ಅಕ್ಷರ ಕಂಡದ್ದೇ ಸಾಕೆನಿಸಿ ಹಾಗೇ ಎತ್ತಿಟ್ಟುಕೊಂಡೆ.

ಮನೆಯಲ್ಲಿ ಎರಡು ಕಂತು ಹಾಕಿದೆವು. ಖಾಲಿ ಈಜುಕೊಳದಲ್ಲಿ ಆ ಶಿಕ್ಷಕಿಯ ಹೆಣ ಕಂಡದ್ದೇ ತಡ, ನಿಮ್ಮ ಭಾವ "ಬಟ್ಟೆ ಒಣಗಿತಾ ನೋಡ್ತೀನಿ" ಎಂದು ಎದ್ದು ಹೋದವರು ವಾಪಸು ಬರಲಿಲ್ಲ. ಮೂರನೆಯದನ್ನು ಒಬ್ಬಳೇ ನೋಡಲು ನನಗೂ ಧೈರ್ಯ ಸಾಲಲಿಲ್ಲ. ಜೊತೆಗೆ ಜನ ಬೇಕಿತ್ತು. ನನಗೆ ಜನ ಸಿಗುವುದೆಲ್ಲಿ? ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದು, ಡಯಾಲಿಸಿಸ್ ವಾರ್ಡಿನಲ್ಲಿ.

ಅಲ್ಲಿ ಗೋಡೆಯ ಮೇಲೊಂದು ಟಿವಿ ಇದೆ. ಅದರಲ್ಲಿ ಸದಾ ಅಡುಗೆ ಕಾರ್ಯಕ್ರಮ! ಉಪ್ಪು ಮುಟ್ಟಬಾರದವರು, ನೀರನ್ನೂ ಅಳೆದು ಕುಡಿಯುವವರು, ಮಲಗಿಕೊಂಡು ಒಗ್ಗರಣೆ ನೋಡಬೇಕು. ನನ್ನ ಬಲಗಡೆ ಗಣಿತದ ಮೇಷ್ಟರು. ಎಡಗಡೆ ಒಬ್ಬ ನಿವೃತ್ತ ಬಸ್ ಡ್ರೈವರು, ಹತ್ತು ತಿಂಗಳಿಂದ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದ ಮನುಷ್ಯ. ಒಂದು ಸೋಮವಾರ ಧೈರ್ಯ ಮಾಡಿ ಹೇಳಿಯೇ ಬಿಟ್ಟೆ.

"ನನ್ನ ತಮ್ಮ ಒಂದು ಧಾರಾವಾಹಿ ಹೇಳಿದಾನೆ. ಹಾಡಿಲ್ಲ, ಕುಣಿತ ಇಲ್ಲ, ಪೂರ್ತಿ ಒಳ್ಳೆಯವರು ಅಂತ ಒಬ್ರೂ ಇಲ್ಲ. ಆದ್ರೆ ಅದರಲ್ಲೊಬ್ಬಳು ಇನ್‌ಸ್ಪೆಕ್ಟರಮ್ಮ ಇದಾಳೆ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದ ಮನೆಗೇ ಮತ್ತೆ ಮತ್ತೆ ಹೋಗಿ ನಿಲ್ತಾಳೆ. ಅವಳಿಗೋಸ್ಕರ ನೋಡೋಣ."

"ಕೊಲೆ-ಗಿಲೆ ಎಲ್ಲ ಇಲ್ಲಿ ಬೇಡಮ್ಮ, ಬಿಪಿ ಏರುತ್ತೆ," ಎಂದರು ಸಿಸ್ಟರ್.

"ಏರಿದ್ರೆ ಇಳಿಸೋಕೆ ನೀವಿದ್ದೀರಲ್ಲ," ಎಂದರು ಮೇಷ್ಟರು.

ಕೊನೆಗೆ ದಿನಕ್ಕೆ ಅರ್ಧ ಕಂತು ಎಂದು ರಾಜಿಯಾಯಿತು. ಮೊದಲ ವಾರ ಅರ್ಧ ವಾರ್ಡು ನನ್ನನ್ನು ಬೈದುಕೊಂಡಿತು. ಎರಡನೆಯ ವಾರಕ್ಕೆ ಮೇಷ್ಟರು ಹಾಳೆ ತರಿಸಿ ಯಾರ ಮೇಲೆ ಶೇಕಡಾ ಎಷ್ಟು ಅನುಮಾನ ಎಂದು ಲೆಕ್ಕ ಹಾಕತೊಡಗಿದರು. ಮೂರನೆಯ ವಾರ ಗೋಡೆಯ ಕಡೆಯಿಂದ ದನಿ ಬಂತು: "ಆ ವ್ಯಾನಿನವನು ಸುಳ್ಳು ಹೇಳ್ತಿದಾನೆ. ಆ ತಿರುವಿನಲ್ಲಿ ಅಷ್ಟು ಸ್ಪೀಡಲ್ಲಿ ಯಾವ ಗಾಡೀನೂ ತಿರುಗಲ್ಲ." ಡ್ರೈವರು ಈ ಕಡೆ ಹೊರಳಿದ್ದರು! ಅವರು ಹೇಳಿದ್ದೇ ನಿಜವಾಯಿತು. ಮೇಷ್ಟರು ಹಾಳೆ ಹರಿದುಹಾಕಿದರು.

ಕೊನೆಯ ಕಂತಿನ ದಿನ ಎಲ್ಲರ ಯಂತ್ರವೂ ನಿಂತಿತ್ತು, ಕಂತಿನ್ನೂ ಹತ್ತು ನಿಮಿಷ ಬಾಕಿ. "ಸಿಸ್ಟರ್, ಇನ್ನೊಂಚೂರು ಇಲ್ಲೇ ಇರ್ತೀವಿ," ಎಂದರು ಡ್ರೈವರು. ಆ ವಾರ್ಡಿನಲ್ಲಿ ಹಾಗೆ ಕೇಳಿದವರು ಅವರೇ ಮೊದಲಿರಬೇಕು. ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದುಕೊಂಡು ಆರು ಜನ ಉಸಿರು ಬಿಗಿಹಿಡಿದು ನೋಡಿದೆವು. ಸಿಸ್ಟರೂ ಬಾಗಿಲಲ್ಲೇ ನಿಂತುಬಿಟ್ಟರು.

ಮುಗಿದ ಮೇಲೆ ಡ್ರೈವರು ನನ್ನ ಹತ್ತಿರ ಬಂದರು. "ತಂಗಿ, ಒಂದು ಮಾತು ಹೇಳ್ತೀನಿ, ನಮ್ಮ ಮನೆಯವಳಿಗೆ ಹೇಳ್ಬೇಡಿ. ನೀವು ಇದನ್ನ ಹಾಕಿಸಿದ್ರಲ್ಲ, ಆ ಸೋಮವಾರಾನೇ ಕೊನೆ, ಇನ್ನು ಇಲ್ಲಿಗೆ ಬರೋದು ಬೇಡ ಅಂತ ತೀರ್ಮಾನ ಮಾಡ್ಕೊಂಡಿದ್ದೆ. ಸಾಕಾಗಿತ್ತು. ಕೊಂದವನು ಯಾರು ಅಂತ ತಿಳ್ಕೊಂಡು ಬಿಡೋಣ ಅಂತ ಬುಧವಾರ ಬಂದೆ. ಆಮೇಲೆ ಶುಕ್ರವಾರ ಬಂದೆ."

"ಈಗ ಗೊತ್ತಾಯ್ತಲ್ಲ?" ಎಂದೆ.

"ಗೊತ್ತಾಯ್ತು. ಇದರದ್ದೇ ಎರಡನೇ ಭಾಗ ಇದೆಯಂತಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡರು. ಹೊರಗೆ ಕಾರಿಡಾರಿನಲ್ಲಿ ಅವರ ಹೆಂಡತಿ ಕಾಯುತ್ತಿದ್ದರು. "ಯಾಕ್ರೀ ಇಷ್ಟು ಹೊತ್ತು?" ಎಂದು ಗದರಿಸುವುದು ಕೇಳಿಸಿತು. ಅವರು ಏನೋ ಹೇಳಿದರು. ಆಕೆ ನಕ್ಕರು.

ಮರಿ, ನಿನ್ನ ಮೂರು ಸಾಲಿನಿಂದ ಆದದ್ದು ಇದು. ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಆ ಮನುಷ್ಯನ ಪರವಾಗಿ, ಅವರ ಹೆಂಡತಿಯ ಪರವಾಗಿ, ಒಗ್ಗರಣೆಯಿಂದ ಪಾರಾದ ಇಡೀ ವಾರ್ಡಿನ ಪರವಾಗಿ ಹೇಳುತ್ತಿದ್ದೇನೆ. ನೂರು ಕಾಲ ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಕ್ಕ

ತಾ.ಕ.: ಏಳನೆಯ ಕಂತಿನಲ್ಲಿ ಒಬ್ಬನಿದ್ದಾನಲ್ಲ, ಸಹಾಯ ಮಾಡಬೇಕಾದ ಹೊತ್ತಲ್ಲಿ ಹೆದರಿ ಓಡಿಹೋಗಿ, ಆಮೇಲೆ ನಾಚಿಕೆಯಿಂದ ಯಾರ ಕಣ್ಣಿಗೂ ಬೀಳದವನು. ಅವನನ್ನು ನೋಡುವಾಗ ನಾನು ಅತ್ತೆ. ನಾನು ಇವನನ್ನು ನೋಡಲಿ ಅಂತಲೇ ನೀನು ಬರೆದೆಯಾ? ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಬಟ್ಟೆ ಬಿಚ್ಚಿ, ಮಡಚಿ ಮಂಚದ ಮೇಲಿಟ್ಟು ನೀನು ಹೊರಟುಹೋದೆ. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ತಿಂಗಳು ಇತ್ತು. ಆದರೆ ಕಿಡ್ನಿ ನಿನ್ನದು ಕಣೋ. ಕೊಡಲು ಹೆದರಿದೆ, ಅಷ್ಟೇ. ನನಗೆ ತಡೆಯಲಾಗದ್ದು ಅದಲ್ಲ. ಆಮೇಲೆ ಎರಡು ವರ್ಷ ನನಗೆ ತಮ್ಮನೂ ಇಲ್ಲದ ಹಾಗೆ ಮಾಡಿದೆಯಲ್ಲ, ಅದು. ಬರುವ ಶುಕ್ರವಾರ ಹನ್ನೊಂದಕ್ಕೆ ನನ್ನದು ಮುಗಿಯುತ್ತದೆ. ಇಳಿದಾಗ ಸ್ವಲ್ಪ ತಲೆ ಸುತ್ತುತ್ತದೆ, ಕೈ ಹಿಡಿಯಲು ಒಬ್ಬರು ಬೇಕು. ಅವತ್ತು ನೀವು ಬರಬೇಡಿ ಎಂದು ನಿಮ್ಮ ಭಾವನಿಗೆ ಹೇಳಿದ್ದೇನೆ.