ಅವ್ವನ ಮುಖದ ಮೇಲೆ ಹಾಕಿದ ಹಾಡು

ಕೊಟ್ಟೂರು
17-4-2025

ಪ್ರೀತಿಯ ತಂಗಿ ಸಿಮ್ರಾನಾ,

ಹೇಗಿದ್ದೀಯೆ? ಹಡಗಲಿಯ ನೀರು ಮೈಗೆ ಹಿಡಿಯಿತೇ? ನಿಮ್ಮತ್ತೆಯ ಮಂಡಿನೋವು ಈಗ ಹೇಗಿದೆ? ಇಲ್ಲಿ ನಾನು, ನಿನ್ನ ಭಾವ ಅಸದುಲ್ಲಾ, ಪಕ್ಕದ ಓಣಿಯಲ್ಲಿ ಅವ್ವ, ಎಲ್ಲರೂ ಇದ್ದೇವೆ. ನೀನು ನನ್ನ ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಜೊತೆಗೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ, ಅದರ ವಿಷಯ ಆಮೇಲೆ.

ನಿನ್ನ ಮದುವೆ ವಿಡಿಯೋದ ಬಗ್ಗೆ ಹೇಳಬೇಕು. ನಮ್ಮ ಸ್ಟುಡಿಯೋದಲ್ಲಿ ಶೂಟಿಂಗ್ ನಿನ್ನ ಭಾವನದು, ಹಾಡು ಕೂಡಿಸುವುದು ನನ್ನದು. ಏಳು ವರ್ಷದಿಂದ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟು ಮದುವೆಗಳಿಗೆ ಕೂಡಿಸಿದ್ದೇನೋ. ಸಿನಿಮಾದಲ್ಲಾಗಲಿ ಮದುವೆಯಲ್ಲಾಗಲಿ, ಮುಖ ಪಾಪ, ಹಾಡು ಹೇಳಿದಂತೆ ಕೇಳುತ್ತದೆ. ಅರಸೀಕೆರೆಯ ಒಬ್ಬ ವರ ಹೆಣ್ಣಿನ ಕಡೆ ಸುಮ್ಮನೆ ತಿರುಗಿ ನೋಡಿದ್ದ. ಕೊಳಲು ಹಾಕಿದೆ, ಪ್ರೀತಿ ಉಕ್ಕಿತು. ತಮಾಷೆಗೆ ಫೈಟಿನ ಡ್ರಮ್ ಹಾಕಿದೆ, ಈಗಲೇ ಹೊಡೆಯುತ್ತಾನೆ ಅನ್ನುವಂತಾಯಿತು. ನಿನ್ನ ಭಾವ ನಕ್ಕು ನಕ್ಕು ಸುಸ್ತಾದರು. ಹೆಣ್ಣು ಕಳಿಸುವ ಜಾಗಕ್ಕೆ ಮಾತ್ರ ಅಳು ತರಿಸುವ ಶಹನಾಯಿಯೇ ಆಗಬೇಕು, ಇಲ್ಲದಿದ್ದರೆ ಗಿರಾಕಿಗಳು ವಿಡಿಯೋ ವಾಪಸ್ ತರುತ್ತಾರೆ.

ನಿನ್ನದಕ್ಕೆ ನಾನು ಶಹನಾಯಿ ಹಾಕಲಿಲ್ಲ. ನಿನ್ನ ಕಾರು ಹೊರಟ ಮೇಲೆ ಅವ್ವ ಬಾಗಿಲಲ್ಲಿ ನಿಂತಿದ್ದಾಳೆ, ಕಣ್ಣಲ್ಲಿ ಒಂದು ಹನಿ ಇಲ್ಲ. ಅದಕ್ಕೆ ಮೆರವಣಿಗೆಯ ಕುಣಿತದ ಹಾಡು ಹಾಕಿದೆ. ಕೈತಪ್ಪಿ ಆಯಿತೆಂದು ನಿನ್ನ ಭಾವನಿಗೆ ಹೇಳಿದೆ. ಸುಳ್ಳು. ಹೊಟ್ಟೆಕಿಚ್ಚು ಸಿಮ್ರಾನಾ, ಬರೀ ಹೊಟ್ಟೆಕಿಚ್ಚು. ನಿನಗೆ ಜ್ವರ ಬಂದರೆ ಅವ್ವ ಬರಿಗಾಲಲ್ಲಿ ದರ್ಗಾಕ್ಕೆ ಓಡುತ್ತಿದ್ದಳು. ನನಗೆ ಬಂದರೆ ಕಷಾಯ ಕುದಿಸಿಡುತ್ತಿದ್ದಳು. ಕಷಾಯದಿಂದ ನನಗೆ ಬೇಗ ವಾಸಿಯಾಗುತ್ತಿತ್ತು, ಆ ಮಾತು ಬೇರೆ.

ನಿಮ್ಮ ಮನೆಯವರೆಲ್ಲ ಟಿವಿ ಮುಂದೆ ಕೂತು ಅದನ್ನು ನೋಡಿದಾಗ ನಿಮ್ಮತ್ತೆ, "ನಿಮ್ಮವ್ವಗ ಪೀಡಾ ಹೋದಂಗ ಆಗೇತಿ ನೋಡು" ಅಂದರಂತೆ. ನಿನ್ನ ಗಂಡ ಸರ್ಫರಾಜನೇ ಇಲ್ಲಿಗೆ ಫೋನು ಮಾಡಿ ಹೇಳಿದ. ಸುಳ್ಳೇಕೆ ಹೇಳಲಿ, ಆ ದಿನ ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ನೀನು ಅವ್ವನ ಜೊತೆಗೂ ಮಾತು ಬಿಟ್ಟೆ, ರಂಜಾನಿಗೂ ಬರಲಿಲ್ಲ. ಅವ್ವನಿಗೆ ವಿಡಿಯೋದ ವಿಷಯ ಗೊತ್ತಿಲ್ಲ. ಮದುವೆಗೆ ತಾನು ಕೊಟ್ಟ ತಾಮ್ರದ ಹಂಡೆ ಸಣ್ಣದಾಯಿತೆಂದು ನೀನು ಮುನಿಸಿಕೊಂಡಿದ್ದೀಯ ಅಂದುಕೊಂಡು, ದೊಡ್ಡದೊಂದು ತಂದು ಹುಣಸೆಹಣ್ಣು ಹಚ್ಚಿ ದಿನಾ ತಿಕ್ಕುತ್ತಾಳೆ. ಮುಂದಿನ ಭಾನುವಾರ ಅದನ್ನು ಬಸ್ಸಿನಲ್ಲಿ ಹೇರಿಕೊಂಡು ನಿಮ್ಮಲ್ಲಿಗೆ ಬರುತ್ತಾಳಂತೆ. "ಅವರತ್ತಿ ಮುಂದ ತಪ್ಪಾತಂತ ಕೈ ಮುಗೀತೀನಿ" ಅನ್ನುತ್ತಾಳೆ. ತಪ್ಪು ಮಾಡಿದವಳು ನಾನು, ಕೈ ಮುಗಿಯುವವಳು ಅವಳು. ಅದನ್ನು ನೋಡಿಯೂ ನನ್ನ ಹೊಟ್ಟೆ ಉರಿಯುತ್ತದೆ ನೋಡು. ನಾನು ಒಂದು ವಾರ ಮಾತು ಬಿಟ್ಟರೆ ಅವಳ ಗಮನಕ್ಕೂ ಬರುವುದಿಲ್ಲ.

ಸರ್ಫರಾಜನಿಗೂ ನಿಮ್ಮತ್ತೆಗೂ ನನ್ನ ಸಲಾಂ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ, ನನ್ನದು ಹೇಗೂ ಹೀಗೇ.

ನಿನ್ನ ಅಕ್ಕ,
ಮೆಹರೀನ

ತಾ.ಕ.: ಪೆನ್‌ಡ್ರೈವಿನಲ್ಲಿ ಅದೇ ತುಣುಕು ಇದೆ, ಹಾಡು ತೆಗೆದಿದ್ದೇನೆ. ಬಾಗಿಲಲ್ಲಿ ಅವ್ವ ಪಕ್ಕದ ಮನೆಯ ಗುರುಬಸಮ್ಮನಿಗೆ ಹೇಳುತ್ತಿರುವುದು ಕೇಳಿಸುತ್ತದೆ: "ದೊಡ್ಡಾಕಿನ್ನ ಕಳಿಸಿದಾಗ ಅತ್ತು ಹಗುರಾದೆ. ಇಕಿನ್ನ ಕಳಿಸಿದ್ರ ಅಳಾಕೂ ಬರವಲ್ದು, ಎದಿ ಹಿಡಕಂಡೈತಿ." ಎಡಿಟ್ ಮಾಡುವಾಗಲೇ ನಾನು ಇದನ್ನು ಹೆಡ್‌ಫೋನಿನಲ್ಲಿ ಕೇಳಿದ್ದೆ. ಕೇಳಿಯೇ ಅದರ ಮೇಲೆ ಹಾಡು ಹಾಕಿದೆ. ಭಾನುವಾರದೊಳಗೆ ನೀನೂ ಕೇಳು, ನಿಮ್ಮತ್ತೆಗೂ ಕೇಳಿಸು. ಕೇಳಿದ ಕೂಡಲೇ ಅವ್ವನಿಗೆ ಫೋನು ಮಾಡು. ನನಗೆ ಆಮೇಲೆ ಮಾಡಿದರೂ ನಡೆಯುತ್ತದೆ.