ಬಂದ್ ಆದ ಫೋನಿಗೆ ಬಂದ ಸಿಡಿಲಿನ ಸಂದೇಶ

ಮೊಬೈಲಿಗೆ ಸಿಡಿಲಿನ ಎಚ್ಚರಿಕೆ ಕಳಿಸುವ ಮಾನ್ಯ ಸಾಹೇಬರೇ,

ತಮ್ಮ ಸಂದೇಶ ತಲುಪಿದೆ. ಸಿಡಿಲು ಅದಕ್ಕಿಂತ ತುಸು ಮೊದಲು ತಲುಪಿತ್ತು, ಅಷ್ಟೇ ನನ್ನ ತಕರಾರು.

ನವಲಗುಂದದ ಕಡೆಯ ಎರೆಹೊಲಗಳನ್ನು ತಾವು ನಕಾಶೆಯಲ್ಲಿ ನೋಡಿರುತ್ತೀರಿ. ನಕಾಶೆಯಷ್ಟೇ ಸಪಾಟಾಗಿವೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಅಲ್ಲಿ ಬಲೆಯ ಬೇಲಿ ಕಟ್ಟಿಸಿ ಕುರಿ ತರುಬಿಸುತ್ತೇವೆ; ಕುರಿಗಾರರು ಹಿಂಡಿನ ಜೊತೆ ಬಯಲಲ್ಲೇ ಬಿಡಾರ ಹೂಡುತ್ತಾರೆ. ಈ ಸಲ ನನ್ನ ಹೊಲಕ್ಕೆ ಗೂಳಪ್ಪ, ಅವನ ಹೆಂಡತಿ ದುರ್ಗವ್ವ, ತಮ್ಮ ಬೀರಲಿಂಗ ಬಂದಿದ್ದರು. ನಾನೇ ಕರೆಸಿದ್ದೆ. ಮರವಿಲ್ಲ, ಕಂಬವಿಲ್ಲ. ಆ ಇಡೀ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಗೂಳಪ್ಪನ ರುಮಾಲು.

ಹೋದ ವರ್ಷ ತಮ್ಮ ಜೀಪು ಸಂತೆಗೆ ಬಂದು, ಗುಡುಗಿದ ಕೂಡಲೇ ಮೊಬೈಲ್ ಬಂದ್ ಮಾಡಿರೆಂದು ಮೈಕಿನಲ್ಲಿ ಸಾರಿತು. ಈ ವರ್ಷ ಎಚ್ಚರಿಕೆಯನ್ನು ಮೊಬೈಲಿಗೇ ಕಳಿಸತೊಡಗಿದಿರಿ. ಈ ಎರಡೂ ಅಪ್ಪಣೆಗಳನ್ನು ಒಟ್ಟಿಗೆ ಪಾಲಿಸಬಲ್ಲ ಪ್ರಜೆಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ನಮ್ಮವರು ಮೊದಲು ಕೇಳಿದ್ದನ್ನು ಪಾಲಿಸಿದರು. ಮಂಗಳವಾರ ಮಧ್ಯಾಹ್ನ, ದೂರದಲ್ಲೆಲ್ಲೋ ಮೊದಲ ಗುಡುಗು ಕೇಳಿದ್ದೇ ಗೂಳಪ್ಪ ಕೂಗಿದನಂತೆ: "ಲೇ ಬೀರ್‍ಯಾ, ಫೋನ್ ಬಂದ್ ಮಾಡಲೇ, ಸಿಡ್ಲನ್ನ ಕರೀತೈತಿ ಅದು!" ಬೀರಲಿಂಗ ಬಂದ್ ಮಾಡಿದ. ಅರ್ಧ ತಾಸಿಗೆ ಮೋಡ ತಲೆಯ ಮೇಲೆ ಬಂತು. ಬೆದರಿದ ಕುರಿಗಳನ್ನು ತಡೆಯಲು ಅಣ್ಣ ಬಲೆಯ ಕಡೆ ಓಡಿದ. ಅಲ್ಲೇ ಬಿದ್ದ.

ನಾನು ಓಡಿ ಬರುವಷ್ಟರಲ್ಲಿ ಬೀರಲಿಂಗ ಆಂಬುಲೆನ್ಸ್ ಕರೆಯಲು ಫೋನ್ ಚಾಲೂ ಮಾಡುತ್ತಿದ್ದ. ಟಿಣ್ ಎಂದಿತು. ಅವನಿಗೆ ಓದಲು ಬಾರದು. "ಯಾರ್ದು ನೋಡ್ರಿ ಕಾಕಾ," ಎಂದು ಕೊಟ್ಟ.

ತಮ್ಮದೇ. 'ಸಿಡಿಲಿನ ಸಾಧ್ಯತೆ ಇದೆ. ಕೂಡಲೇ ಪಕ್ಕಾ ಕಟ್ಟಡದೊಳಗೆ ಆಶ್ರಯ ಪಡೆಯಿರಿ.' ಕಳಿಸಿದ್ದು ಗೂಳಪ್ಪ ಬೀಳುವುದಕ್ಕೆ ಇಪ್ಪತ್ತು ನಿಮಿಷ ಮೊದಲು. ತಾವು ತಡ ಮಾಡಿರಲಿಲ್ಲ, ಒಪ್ಪಿದೆ. ಹತ್ತಿರದ ಪಕ್ಕಾ ಕಟ್ಟಡವೆಂದರೆ ಸಮುದಾಯ ಭವನ, ಅದಕ್ಕೆ ಬೀಗ, ಕೀಲಿ ಇಟ್ಟುಕೊಂಡ ಪಂಚಾಯಿತಿ ಸದಸ್ಯರು ಹುಬ್ಬಳ್ಳಿಯಲ್ಲಿ.

ಮಣ್ಣು ಮಾಡಿದ ಮೂರನೇ ದಿನಕ್ಕೆ ದುರ್ಗವ್ವ ಕುರಿಗಳೊಂದಿಗೆ ಬಾಜು ಹೊಲದಲ್ಲಿದ್ದಳು. ಊರೊಳಗೆ ಇರು ಎಂದೆ.

"ಕುರಿ ಎಲ್ಲಿ ಕಟ್ಲಿ ಯಪ್ಪಾ? ನಿಮ್ಮ ಸಾಹೇಬ್ರ ಕಚೇರ್‍ಯಾಗ ಜಾಗಾ ಐತೇನು, ಕೇಳಿ ನೋಡ್ರಿ."

ಹೋಗಲಿ, ಫೋನನ್ನಾದರೂ ಬಂದ್ ಮಾಡಬೇಡ ಎಂದೆ.

"ಸರ್ಕಾರದವ್ರು ಮೈಕಿನ್ಯಾಗ ಹೇಳ್ಯಾರ. ಬ್ಯಾಡನ್ನಾಕ ನೀವ್ಯಾರ್ರಿ?"

ಹೌದು, ನಾನು ಯಾರು? ಆದ್ದರಿಂದ ತಮ್ಮನ್ನೇ ಬೇಡುತ್ತೇನೆ. ಜೀಪನ್ನು ಇನ್ನೊಮ್ಮೆ ಸಂತೆಗೆ ಕಳಿಸಿ, ಅಂದು ಹೇಳಿದ್ದು ತಪ್ಪೆಂದು ಅದೇ ಮೈಕಿನಲ್ಲಿ ಹೇಳಿಸಿರಿ. ಭವನದ ಬೀಗ ತೆಗೆಸಿ, ಎಚ್ಚರಿಕೆ ಬಂದಾಗ ಬಯಲಿಗೆಲ್ಲ ಕೇಳುವಂತೆ ಕೂಗುವ ಭೋಂಗಾ ಒಂದನ್ನು ಅದರ ಮೇಲೆ ಇರಿಸಿರಿ. ಕುರಿಗಳ ಜಾಗದ ವಿಚಾರಕ್ಕೆ ಆಮೇಲೆ ಜಗಳಾಡೋಣ.

ಪಡುವಣದಲ್ಲಿ ಮೋಡ ಏಳುತ್ತಿದೆ. ದುರ್ಗವ್ವನಿಗೆ ಈಗಷ್ಟೇ ಫೋನ್ ಮಾಡಿದೆ. ಬಂದ್ ಇದೆ.

ಇಂತಿ,
ತಮ್ಮ ಸಂದೇಶವನ್ನು ಓದಿ ಹೇಳಬೇಕಾಗಿ ಬಂದ
ಮಡಿವಾಳೆಪ್ಪ